ಸ್ಟಾರ್ ನೋಡಿ ರೂಂ ಬುಕ್ ಮಾಡೋ ಮುನ್ನ...

ರಜೆ ಹತ್ತಿರ ಬಂತೆಂದರೆ ಮಡಿಕೇರಿಯೋ ಚಿಕ್ಕಮಗಳೂರೋ ಎಂಬ ಚರ್ಚೆ ಶುರು. ಮಕ್ಕಳು ಮೊಬೈಲ್ ಹಿಡಿದು, 'ಅಮ್ಮಾ, ಈ ಹೋಟೆಲ್‌ಗೆ 4.5 ಸ್ಟಾರ್ ಇದೆ' ಅಂತಾರೆ. ಜನ ಬರೆದ ಈ ರಿವ್ಯೂಗಳನ್ನು ನಂಬಬಹುದಾ?

ಕಣ್ಣುಮುಚ್ಚಿ ನಂಬಬೇಡಿ. 2017ರಲ್ಲಿ ಲಂಡನ್ನಿನ ಪತ್ರಕರ್ತ ಊಬಾ ಬಟ್ಲರ್ ತಾನಿದ್ದ ಶೆಡ್ಡನ್ನೇ ರೆಸ್ಟೋರೆಂಟ್ ಎಂದು ಟ್ರಿಪ್ ಅಡ್ವೈಸರ್‌ಗೆ ಸೇರಿಸಿ, ಸುಳ್ಳು ರಿವ್ಯೂ ಬರೆಸಿ, ನಗರದಲ್ಲೇ ನಂಬರ್ ಒನ್ ಮಾಡಿಬಿಟ್ಟಿದ್ದರು! ನಮ್ಮಲ್ಲೂ ನಕಲಿ ರಿವ್ಯೂ ತಡೆಯಲೆಂದೇ 2022ರಲ್ಲಿ ಐಎಸ್ 19000 ಎಂಬ ಮಾನದಂಡ ಬಂತು.

ಹಾಗಂತ ಓದೋದೇ ಬೇಡ ಅಂತಲ್ಲ. ಓದುವ ರೀತಿ ಗೊತ್ತಿರಬೇಕು ಅಷ್ಟೆ.

* ಮೂರು ಸ್ಟಾರ್ ಕೊಟ್ಟವರದ್ದನ್ನು ಮೊದಲು ಓದಿ. ಒಳ್ಳೆಯದು, ಕೆಟ್ಟದ್ದು ಎರಡನ್ನೂ ಹೇಳಿರುವವರು ಹೆಚ್ಚಾಗಿ ಇವರೇ.
* ತಾರೀಖು ಗಮನಿಸಿ. ಮಾರ್ಚಿನಲ್ಲಿ ಹೊಗಳಿಸಿಕೊಂಡ ರೂಂ ಜುಲೈ ಮಳೆಗೆ ಸೋರಬಹುದು.
* ಬಿಸಿನೀರು ಬರಲ್ಲ, ಬಾತ್‌ರೂಂ ಗಲೀಜು ಎಂದು ನಾಲ್ಕಾರು ಮಂದಿ ಬರೆದಿದ್ದರೆ ನಂಬಿ.
* ಬುಕಿಂಗ್ ಡಾಟ್ ಕಾಂನಲ್ಲಿ ಅಲ್ಲೇ ಬುಕ್ ಮಾಡಿದವರು ಮಾತ್ರ ಬರೆಯಬಹುದು. ಗೂಗಲ್‌ನಲ್ಲಿ ಅಂಥ ಕಟ್ಟುಪಾಡಿಲ್ಲ.
* ಹೋಟೆಲಿನವರ ಫೋಟೊಗಿಂತ ತಂಗಿದ್ದವರು ತೆಗೆದ ಫೋಟೊ ನೋಡಿ.

ಕೊನೆಗೆ, ದುಡ್ಡು ಕಟ್ಟುವ ಮುಂಚೆ ಹೋಟೆಲಿಗೇ ಫೋನ್ ಮಾಡಿ. ನಿಮ್ಮ ಅತ್ತೆಯವರ ಮಂಡಿನೋವು ರಿವ್ಯೂ ಬರೆದವರಿಗೇನು ಗೊತ್ತು? ಕೆಳಗಿನ ಮಹಡಿಯಲ್ಲಿ ರೂಂ ಇದೆಯಾ, ಮಗುವಿಗೆ ರಾತ್ರಿ ಹಾಲು ಸಿಗುತ್ತಾ, ಬುಕಿಂಗ್ ರದ್ದಾದರೆ ಹಣ ವಾಪಸ್ ಬರುತ್ತಾ ಎಂದು ಕೇಳಿ. ಉತ್ತರವನ್ನು ಮೆಸೇಜ್‌ನಲ್ಲಿ ತರಿಸಿಕೊಳ್ಳಿ. ಹೇಳಿದಂತೆ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಅದೇ ನಿಮಗೆ ಆಧಾರ.