ಬಡ್ತಿ ಬೇಡವೆಂದ ಮಾಸ್ತರರು

ನಮ್ಮ ಕಚೇರಿಯಲ್ಲಿ ಬಡ್ತಿಯ ಪಟ್ಟಿ ಹೊರಬೀಳುವ ದಿನ ಯಾರ ಕೈಯಲ್ಲಿಯೂ ಕಡತ ನಿಲ್ಲುವುದಿಲ್ಲ. ಹೆಸರಿದ್ದವನು ಪೇಢೆ ತರಿಸುತ್ತಾನೆ. ಇಲ್ಲದವನು ಚಹಾದ ನೆಪದಿಂದ ಹೊರಗೆ ಹೋಗುತ್ತಾನೆ. ಹೆಚ್ಚಾಗಿ ಎರಡನೆಯ ಪಂಗಡದಲ್ಲಿಯೇ ಇರುವ ಈ ಕಾರಕೂನನಿಗೆ, ಮನೆ ಬಾಗಿಲಿಗೆ ಬಂದ ದೊಡ್ಡ ಹುದ್ದೆಯನ್ನು ಬೇಡವೆಂದ ಒಬ್ಬ ಶಾಲಾಮಾಸ್ತರರ ಕಥೆ ಬಹಳ ಹಿಡಿಸಿತು. ಅದನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ.

ಅವರ ಹೆಸರು ಮಾರ್ಗನ್ ವೂಟನ್. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿಗೆ ಸಮೀಪದ ಹಯಟ್ಸ್‌ವಿಲ್ ಎಂಬ ಊರಿನಲ್ಲಿ ಡಿಮಾಥಾ ಎಂಬ ಕ್ಯಾಥೊಲಿಕ್ ಹುಡುಗರ ಹೈಸ್ಕೂಲಿದೆ. 1956ರಲ್ಲಿ ಅಲ್ಲಿಗೆ ಬಂದ ವೂಟನ್ನರು ಇತಿಹಾಸದ ಪಾಠ ಹೇಳುತ್ತ, ಬಾಸ್ಕೆಟ್‌ಬಾಲ್ ಕಲಿಸುತ್ತ, 2002ರ ವರೆಗೆ, ಅಂದರೆ 46 ವರ್ಷ, ಅಲ್ಲಿಯೇ ಉಳಿದರು. ಅವರ ತಂಡ 1274 ಪಂದ್ಯಗಳನ್ನು ಗೆದ್ದು 192ನ್ನು ಸೋತಿತು. ಹಾಗೆಂದು ಹುಟ್ಟುತ್ತಲೇ ಗೆದ್ದವರಲ್ಲ. ಅದಕ್ಕೂ ಮೊದಲು ಒಂದು ಅನಾಥಾಲಯದ ಹುಡುಗರಿಗೆ ಬೇಸ್‌ಬಾಲ್ ಕಲಿಸಲು ಹೋದಾಗ ಆ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲವಂತೆ!

ಇನ್ನು 1965ರ ಜನವರಿ 30ರ ಮಾತು. ನ್ಯೂಯಾರ್ಕಿನ ಪವರ್ ಮೆಮೋರಿಯಲ್ ಶಾಲೆಯ ತಂಡ ಸತತವಾಗಿ 71 ಪಂದ್ಯ ಗೆದ್ದು ಬಂದಿತ್ತು. ಅದರಲ್ಲಿ ಲ್ಯೂ ಆಲ್ಸಿಂಡರ್ ಎಂಬ ಸುಮಾರು 7 ಅಡಿಯ ಹುಡುಗನಿದ್ದ. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾಗಿ, ಅಲ್ಲಿಯ ವೃತ್ತಿಪರ ಆಟದ ಅತಿ ಹೆಚ್ಚು ಅಂಕಗಳ ದಾಖಲೆಯನ್ನು 1984ರಿಂದ 2023ರ ವರೆಗೆ ಉಳಿಸಿಕೊಂಡವನು ಇವನೇ. ಹಿಂದಿನ ವರ್ಷ ಇವನೊಬ್ಬನೇ 35 ಅಂಕ ಹೊಡೆದು ಡಿಮಾಥಾವನ್ನು ಸೋಲಿಸಿದ್ದ. ಅಷ್ಟು ಎತ್ತರದ ಕೈಯ ಮೇಲಿಂದ ಚೆಂಡು ಹೋಗುವುದೆಂತು? ವೂಟನ್ನರು ಅಭ್ಯಾಸದ ವೇಳೆ ತಮ್ಮ ಹುಡುಗರ ಕೈಗೆ ಟೆನಿಸ್ ರ‍್ಯಾಕೆಟ್ ಕೊಟ್ಟು ಮೇಲೆತ್ತಿ ನಿಲ್ಲಿಸಿದರು. ಉಳಿದವರು ಆ ರ‍್ಯಾಕೆಟಿನ ಮೇಲಿಂದ ಚೆಂಡೆಸೆಯಲು ಕಲಿತರು. ನೋಡಿದವರಿಗೆ ನಗು ಬಂದಿರಬೇಕು. ಪಂದ್ಯದ ದಿನ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಟದ ಮನೆಯಲ್ಲಿ 12,500 ಜನ ಕಿಕ್ಕಿರಿದಿದ್ದರು. ಡಿಮಾಥಾ 46, ಪವರ್ 43. ಆಲ್ಸಿಂಡರನಿಗೆ ದಕ್ಕಿದ್ದು 16 ಅಂಕ ಮಾತ್ರ.

ಅವರ ಶಿಷ್ಯರಲ್ಲಿ ಏಡ್ರಿಯನ್ ಡಾಂಟ್ಲಿ, ಕೆನ್ ಕಾರ್ ಇಬ್ಬರೂ 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದವರು. ಮೈಕ್ ಬ್ರೇ ಗುರುವಿನ ಕೈಕೆಳಗೇ ದುಡಿದು, ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ 2000ರಿಂದ 2023ರ ವರೆಗೆ ತರಬೇತುಗಾರರಾಗಿದ್ದರು. ಆದರೆ ನನಗೆ ಹೆಚ್ಚೆನಿಸಿದ್ದು ಬೇರೆ: ಸುಮಾರು ಮೂವತ್ತು ವರ್ಷ, ಅವರ ತಂಡದಲ್ಲಿ ಕೊನೆಯ ತರಗತಿ ಮುಗಿಸಿದ ಪ್ರತಿಯೊಬ್ಬ ಹುಡುಗನಿಗೂ, ಬೆಂಚಿನ ಮೇಲೆ ಕುಳಿತೇ ಕಾಲ ಕಳೆದವನಿಗೂ, ಕಾಲೇಜಿನ ವಿದ್ಯಾರ್ಥಿವೇತನ ದೊರೆಯಿತು. ಮಕ್ಕಳ ಫೀಸು ಕಟ್ಟುವ ತಂದೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1980ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಹೋಗಲಿಲ್ಲ. ದೇವರು, ಸಂಸಾರ, ವಿದ್ಯೆ, ಆಮೇಲೆ ನಾಲ್ಕನೆಯದಾಗಿ ಬಾಸ್ಕೆಟ್‌ಬಾಲ್ ಎಂದು ಹುಡುಗರಿಗೆ ಹೇಳುತ್ತಿದ್ದವರು ತಾವೂ ಹಾಗೆಯೇ ನಡೆದರು. 1996ರಲ್ಲಿ ಯಕೃತ್ತಿನ ಕಸಿಯಾದ ಮೇಲೂ ಮತ್ತೆ ಶಾಲೆಗೇ ಮರಳಿದರು. 1891ರಲ್ಲಿ ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿ ತೂಗುಹಾಕಿ ಈ ಆಟ ಹುಟ್ಟಿಸಿದ ಸ್ಪ್ರಿಂಗ್‌ಫೀಲ್ಡಿನ ಗೌರವ ಮಂದಿರದಲ್ಲಿ 2000ರಲ್ಲಿ ಅವರ ಹೆಸರು ಸೇರಿತು. 2020ರ ಜನವರಿಯಲ್ಲಿ, 88ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಇದನ್ನೋದುವಾಗ ನವಲಗುಂದ ತಾಲೂಕಿನ ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ತರರು ಕಣ್ಣ ಮುಂದೆ ಬಂದರು. ಕಮ್ಮಾರನಿಂದ ಕಬ್ಬಿಣದ ಬಳೆ ಮಾಡಿಸಿ ಬೇವಿನ ಮರಕ್ಕೆ ಹೊಡೆಸಿದವರು ಅವರು. ಬಲೆ ಇಲ್ಲದ ಕಾರಣ ಚೆಂಡು ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂದು ದಿನವೂ ಜಗಳ. ‘ತಮ್ಮಾ, ನೀ ಖರೇ ಹೇಳು, ಹೋತೇನು?’ ಎಂದು ಎಸೆದವನನ್ನೇ ಕೇಳುತ್ತಿದ್ದರು. ಹೋಗಿಲ್ಲವೆಂದು ನಾನೂ ಒಪ್ಪಿಕೊಂಡದ್ದುಂಟು. ಅವರು ನಿವೃತ್ತರಾದಾಗ ಕಾಗದ ಬಂದಿತ್ತು. ರಜೆ ಸಿಗಲಿಲ್ಲವೆಂದು ನಾನು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ರಜೆ ಕೇಳಿಯೇ ಇರಲಿಲ್ಲ.

ಮಾಸ್ತರರು ಈಗ ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಮುಂಬಯಿಯಲ್ಲಿರುವ ನಾವು ಮೂವರು ಹಳೆಯ ವಿದ್ಯಾರ್ಥಿಗಳು ದೀಪಾವಳಿಗೆ ಹೋಗುವವರಿದ್ದೇವೆ. ಶಾಲು ಆಯಿತು, ಫಲತಾಂಬೂಲ ಆಯಿತು. ಜೊತೆಗೆ ಒಂದು ಬಲೆಯನ್ನೂ ಕೊಂಡಿದ್ದೇನೆ. ಬೇವಿನ ಮರ ಇನ್ನೂ ಇದೆಯಂತೆ.