ಅಲ್ಲಿಲ್ಲದ ಗಾಡಿಯ ಮೇಲಿನ ಆಸೆ

ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ನೀಲಿ ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅಮ್ಮ ಅದರಲ್ಲಿ ಸ್ವಲ್ಪ ಕೇಕಿಗೆ ಬಳಸಿ, ಉಳಿದದ್ದನ್ನು ಹಸಿರು ಕಪಾಟಿನಲ್ಲಿ ಇಡುತ್ತಾಳೆ. ಮರಳಿ ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳಿಗೆ ಕೇಳಿದ ಪ್ರಶ್ನೆ ಇದು. ಮೂರು ವರ್ಷದ ಮಕ್ಕಳು ಹಸಿರು ಕಪಾಟನ್ನು ತೋರಿಸುತ್ತಾರೆ. ಚಾಕೊಲೇಟ್ ಇರುವುದು ಅಲ್ಲೇ ತಾನೆ! ತನಗೆ ಗೊತ್ತಿರುವುದು ಮ್ಯಾಕ್ಸಿಗೆ ಗೊತ್ತಿಲ್ಲ ಎಂಬುದು ಹೊಳೆಯಲು ಮಗು ಇನ್ನೂ ಒಂದೆರಡು ವರ್ಷ ಬೆಳೆಯಬೇಕು.

ಯಂತ್ರಕ್ಕೂ ಇದನ್ನು ಕಲಿಸಬೇಕಾಗಿದೆ. ಲೋಕದಲ್ಲಿ ಏನಿದೆ ಎಂಬುದರ ಜೊತೆಗೆ, ಎದುರಿನವರು ಏನಿದೆಯೆಂದು ನಂಬಿದ್ದಾರೆ ಎಂಬ ಲೆಕ್ಕವನ್ನೂ ಅದು ಬೇರೆಯಾಗಿ ಇಟ್ಟುಕೊಳ್ಳಬೇಕು. ಆದರೆ ನಂಬಿಕೆ ಕಣ್ಣಿಗೆ ಬೀಳುವುದಿಲ್ಲ. ಕಾಣುವುದು ನಡೆ ಮಾತ್ರ.

ಈ ನಿಟ್ಟಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ ಕ್ರಿಸ್ ಬೇಕರ್, ಜೋಶ್ ಟೆನೆನ್‌ಬಾಮ್ ಮತ್ತು ಸಂಗಡಿಗರದು. 2017ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಹಸಿದ ವಿದ್ಯಾರ್ಥಿಯೊಬ್ಬ ಊಟಕ್ಕೆ ಹೊರಟಿದ್ದಾನೆ. ಆ ಜಾಗಕ್ಕೆ ಕೊರಿಯನ್, ಲೆಬನೀಸ್, ಮೆಕ್ಸಿಕನ್ ಊಟದ ಗಾಡಿಗಳು ಬರುವುದುಂಟು, ನಿಲ್ಲಲು ಇರುವ ಜಾಗ ಎರಡೇ. ಹತ್ತಿರದಲ್ಲಿ ಕೊರಿಯನ್ ಗಾಡಿ ಕಾಣುತ್ತಿದೆ. ಇನ್ನೊಂದು ಜಾಗ ಕಟ್ಟಡದ ಮರೆಯಲ್ಲಿದೆ. ಅವನು ಕೊರಿಯನ್ ಗಾಡಿಯನ್ನು ದಾಟಿ ಹೋಗಿ, ಗೋಡೆಯಾಚೆ ಇಣುಕಿ, ಅಲ್ಲಿ ಲೆಬನೀಸ್ ಗಾಡಿ ನಿಂತಿರುವುದನ್ನು ಕಂಡು, ತಿರುಗಿ ಕೊರಿಯನ್ ಗಾಡಿಗೇ ಬರುತ್ತಾನೆ. ಅವನಿಗೆ ಎಲ್ಲಕ್ಕಿಂತ ಇಷ್ಟ ಯಾವುದು?

ಮೆಕ್ಸಿಕನ್. ಆ ಗಾಡಿ ಅವತ್ತು ಬಂದೇ ಇಲ್ಲ! ಆದರೂ ಆ ನಡಿಗೆಯನ್ನು ನೋಡಿದವರಿಗೆ ಅವನ ಆಸೆಯೂ ತಿಳಿಯುತ್ತದೆ, ಮೆಕ್ಸಿಕನ್ ಗಾಡಿ ಮರೆಯಲ್ಲಿ ಇರಬಹುದೆಂದು ಅವನು ನಂಬಿದ್ದನೆಂಬುದೂ ತಿಳಿಯುತ್ತದೆ. ಸಂಶೋಧಕರ ಕಂಪ್ಯೂಟರ್ ಮಾದರಿ ಇದನ್ನೇ ಸಂಭವನೀಯತೆಯ ಗಣಿತದಿಂದ ಮಾಡಿತು. ಇಂಥ ಆಸೆ, ಇಂಥ ನಂಬಿಕೆ ಇದ್ದವನು ಯಾವ ದಾರಿ ಹಿಡಿಯುತ್ತಾನೆಂದು ಒಂದೊಂದು ಜೋಡಿಗೂ ಲೆಕ್ಕ ಹಾಕಿ, ಕಂಡ ನಡೆಗೆ ಯಾವುದು ಹೆಚ್ಚು ಹೊಂದುತ್ತದೆಂದು ತೂಗಿತು. ಅದರ ಉತ್ತರಗಳು ಮನುಷ್ಯರ ಊಹೆಗೆ ತೀರ ಹತ್ತಿರ ಬಂದವು.

ತೊಡಕಿರುವುದು ಗಾತ್ರದಲ್ಲಿ. ನಿಜವಾದ ಬೀದಿಯಲ್ಲಿ ಸಾಧ್ಯತೆಗಳು ಎಣಿಕೆಗೆ ನಿಲ್ಲುವುದಿಲ್ಲ. ನನ್ನ ಬಗ್ಗೆ ಎದುರಿನವನು ಏನು ಅಂದುಕೊಂಡಿದ್ದಾನೆ ಎಂಬ ಪದರವೂ ಸೇರಿದರೆ ಲೆಕ್ಕ ಇನ್ನೂ ಉಬ್ಬುತ್ತದೆ. ಹಾಗಾಗಿ 2018ರಲ್ಲಿ ಡೀಪ್‌ಮೈಂಡ್‌ನ ನೀಲ್ ರಾಬಿನೋವಿಟ್ಸ್ ತಂಡ ಬೇರೆ ದಾರಿ ಹಿಡಿಯಿತು: ಚೌಕಗಳ ಪುಟ್ಟ ಲೋಕದಲ್ಲಿ ಓಡಾಡುವ ಕೃತಕ ಜೀವಿಗಳ ನಡೆಗಳನ್ನು ತೋರಿಸಿ ತೋರಿಸಿ, ಅವುಗಳ ಮುಂದಿನ ಹೆಜ್ಜೆಯನ್ನೂ ತಪ್ಪು ನಂಬಿಕೆಯನ್ನೂ ಊಹಿಸಲು ನರಜಾಲವೊಂದನ್ನು ಪಳಗಿಸಿತು.

ಇಂಥ ಪ್ರಶ್ನೆಗಳಿಗೆ ಮಾತಿನಲ್ಲೇ ಉತ್ತರಿಸುವ ಭಾಷಾ ಮಾದರಿಗಳೂ ಇವೆ; ಅವುಗಳ ಉತ್ತರಗಳನ್ನು ಮಾತ್ರ ಎಚ್ಚರದಿಂದ ನೋಡಬೇಕು. ಪಾಪ್‌ಕಾರ್ನ್ ತುಂಬಿದ ಚೀಲದ ಮೇಲೆ ‘ಚಾಕೊಲೇಟ್’ ಎಂದು ಬರೆದಿದ್ದರೆ, ಒಳಗೆ ನೋಡದವಳು ಚಾಕೊಲೇಟ್ ಇದೆಯೆಂದೇ ನಂಬುತ್ತಾಳೆ ಎಂದು ಜಿಪಿಟಿ-3.5 ಎಂಬ ಮಾದರಿ ಸರಿಯಾಗಿಯೇ ಹೇಳಿತು. 2023ರಲ್ಲಿ ಸಂಶೋಧಕ ಟೋಮರ್ ಉಲ್ಮನ್ ಒಂದೇ ಒಂದು ವಿವರ ಬದಲಿಸಿದರು: ಚೀಲ ಪಾರದರ್ಶಕ. ಮಾದರಿ ಆಗಲೂ ಅವಳು ಚಾಕೊಲೇಟ್ ಎಂದೇ ನಂಬುತ್ತಾಳೆ ಎಂದಿತು. ಹೊಸ ಮಾದರಿಗಳು ಈ ಒಂದು ಪ್ರಶ್ನೆಗೆ ಸರಿಯುತ್ತರ ಕೊಟ್ಟರೂ ನನಗೆ ಸಾಲದು. ಚಾಲಕನಿಲ್ಲದ ಕಾರನ್ನು ನೆನೆಯಿರಿ: ಬಸ್ಸಿನ ಮರೆಯಿಂದ ರಸ್ತೆ ದಾಟುತ್ತಿರುವವಳು ತನ್ನನ್ನು ನೋಡಿಲ್ಲ, ಹಾಗಾಗಿ ನಿಲ್ಲುವುದಿಲ್ಲ ಎಂಬುದನ್ನು ಅದು ಅವಳ ಕಣ್ಣಿಗೆ ಏನು ಕಾಣುತ್ತದೆ ಎಂಬುದರಿಂದಲೇ ತಿಳಿಯಬೇಕು. ಎಂದೂ ಕಂಡಿರದ ಬೀದಿಯಲ್ಲೂ ತಿಳಿಯಬೇಕು.