ಹಲ್ಲು ಹೇಳೋ ವಯಸ್ಸು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಹಳ್ಳಿಯ ಅಜ್ಜಿಯರನ್ನು ‘ವಯಸ್ಸೆಷ್ಟು?’ ಅಂತ ಕೇಳಿ ನೋಡಿ. ಮಾದಪ್ಪನ ಜಾತ್ರೆ, ಬರಗಾಲ, ದೊಡ್ಡ ಮಗನ ಮದುವೆ, ಇವುಗಳ ಲೆಕ್ಕದಲ್ಲಿ ಉತ್ತರ ಬರುತ್ತೆ. ಅವರ ಮಕ್ಕಳ ಕಾಲಕ್ಕೆ ಸ್ಕೂಲ್ ಮೇಷ್ಟ್ರು ಎಷ್ಟೋ ಜನಕ್ಕೆ ಜೂನ್ 1 ಅಂತ ಬರೆದುಬಿಟ್ಟರು!

ಆದರೆ ಕೇಸಲ್ಲಿ ಸಿಕ್ಕ ಹುಡುಗನಿಗೆ, ಮದುವೆ ಮನೆಯಿಂದ ಬಿಡಿಸಿ ತಂದ ಹುಡುಗಿಗೆ 17 ಆಗಿದೆಯೋ 18 ಆಗಿದೆಯೋ ಅನ್ನೋದರ ಮೇಲೆ ಎಲ್ಲಾ ನಿಂತಿರುತ್ತೆ. 2015ರ ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಮೊದಲು ಶಾಲೆಯ ದಾಖಲೆ ನೋಡಬೇಕು. ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಹಲ್ಲಿನ ಎಕ್ಸ್‌ರೇಗೆ ಬೆಲೆ ಬರೋದು ಇಲ್ಲಿ.

ಓಪಿಜಿ ಅನ್ನೋ ಎಕ್ಸ್‌ರೇಯಲ್ಲಿ ಮೆಷಿನ್ ತಲೆಯ ಸುತ್ತ ತಿರುಗಿ ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ಕೊಡುತ್ತೆ. ಹಲ್ಲು ಬೆಳೆಯೋದು ಮನೆ ಕಟ್ಟೋದಕ್ಕೆ ಪೂರ್ತಿ ಉಲ್ಟಾ: ಮೊದಲು ತಲೆ, ಆಮೇಲೆ ಬೇರು, ಕೊನೆಗೆ ಬೇರಿನ ತುದಿ ಮುಚ್ಚಿಕೊಳ್ಳುತ್ತೆ. 1973ರಲ್ಲಿ ಡೆಮಿರ್ಜಿಯನ್ ಮತ್ತು ಸಂಗಡಿಗರು ಕೆಳದವಡೆಯ ಎಡಗಡೆಯ 7 ಹಲ್ಲುಗಳ ಈ ಬೆಳವಣಿಗೆಯನ್ನು 8 ಹಂತಗಳಾಗಿ ಮಾಡಿ, ಅಂಕ ಕೂಡಿಸಿ ವಯಸ್ಸು ಹೇಳುವ ವಿಧಾನ ಕೊಟ್ಟರು. ಅವರು ನೋಡಿದ್ದು ಫ್ರೆಂಚ್ ಮೂಲದ ಕೆನಡಾ ಮಕ್ಕಳನ್ನು. ಅದನ್ನೇ ದಕ್ಷಿಣ ಭಾರತದ ಮಕ್ಕಳಿಗೆ ಹಾಕಿ ನೋಡಿದ ಕೋಶಿ ಮತ್ತು ಟಂಡನ್ ಅವರ 1998ರ ಅಧ್ಯಯನದಲ್ಲಿ ವಯಸ್ಸು ಸುಮಾರು 3 ವರ್ಷ ಜಾಸ್ತಿ ಬಂತು. ನಮ್ಮ ಲ್ಯಾಬ್ ಭಾಷೆಯಲ್ಲಿ ಹೇಳೋದಾದ್ರೆ ಕ್ಯಾಲಿಬ್ರೇಷನ್ ಸಮಸ್ಯೆ. ಧಾರವಾಡದ ಅಶಿತ್ ಆಚಾರ್ಯ 2011ರಲ್ಲಿ ಬುದ್ಧಿ ಹಲ್ಲನ್ನೂ ಸೇರಿಸಿಕೊಂಡು ಭಾರತೀಯರಿಗೆ ಹೊಂದುವ ಸೂತ್ರ ಪ್ರಕಟಿಸಿದರು.

ಆದರೂ ಒಂದು ತೊಡಕು ಉಳಿಯುತ್ತೆ. ಸುಮಾರು 16ಕ್ಕೆ ಉಳಿದೆಲ್ಲಾ ಹಲ್ಲುಗಳ ಬೇರು ಮುಗಿದಿರುತ್ತೆ. ಆಮೇಲೆ ಬೆಳೀತಾ ಇರೋದು ಬುದ್ಧಿ ಹಲ್ಲು ಒಂದೇ. ಅದರ ಬೇರು ಕೆಲವರಿಗೆ 18ಕ್ಕೆ ಮುಗಿದರೆ ಕೆಲವರಿಗೆ 25ರ ತನಕ ಎಳೆಯುತ್ತೆ, ಕೆಲವರಿಗೆ ಆ ಹಲ್ಲೇ ಇರಲ್ಲ. ಸ್ಕೇಲಿನಲ್ಲಿ ಗೆರೆಗಳು ಅಳಿಸಿಹೋದ ಜಾಗದಲ್ಲೇ ಕಾನೂನು ತನ್ನ ಗೆರೆ ಎಳೆದಿದೆ. ಹಾಗಾಗಿ ಪ್ಲಸ್-ಮೈನಸ್ ಇಲ್ಲದೆ ‘18’ ಅಂತ ಬರೆದ ರಿಪೋರ್ಟನ್ನು ನಾವಂತೂ ನಂಬಲ್ಲ.

ದೊಡ್ಡವರಾದ ಮೇಲೆ ಲೆಕ್ಕ ಇನ್ನೂ ಒರಟು. ಹಲ್ಲಿನೊಳಗೆ ನರ, ರಕ್ತನಾಳ ಇರುವ ಟೊಳ್ಳು ವರ್ಷ ಕಳೆದಂತೆ ಕಿರಿದಾಗುತ್ತೆ, ಮೇಲ್ಭಾಗ ಸವೆಯುತ್ತೆ. ಹಲ್ಲು ಹಿಡಿದಿರೋ ಮೂಳೆ ಇಳಿಯೋದಕ್ಕೆ ಮಾತ್ರ ವಯಸ್ಸಿಗಿಂತ ವಸಡಿನ ಕಾಯಿಲೆ ದೊಡ್ಡ ಕಾರಣ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರ ದವಡೆ 45ಕ್ಕೇ 65ರದ್ದರ ಹಾಗೆ ಕಾಣಬಹುದು.

ಮೂಳೆ ಲೋಡ್ ಇದ್ದರೆ ಉಳಿಯುತ್ತೆ, ಇಲ್ಲದಿದ್ದರೆ ಕರಗುತ್ತೆ. ಹಲ್ಲು ಹೋದ ಕೆಳದವಡೆ ಮೇಲಿಂದ ಕುಗ್ಗುತ್ತಾ ಬರುತ್ತೆ. ತುಟಿಗೆ ಹೋಗುವ ನರ ಹೊರಬರುವ ಸಣ್ಣ ತೂತು ಯೌವನದಲ್ಲಿ ಮೂಳೆಯ ನಡುಮಧ್ಯೆ ಇದ್ದದ್ದು ಆಗ ಮೇಲಿನ ಅಂಚಿಗೇ ಬಂದುಬಿಡುತ್ತೆ. ಚೆನ್ನಾಗಿ ಕೂತಿದ್ದ ಹಲ್ಲಿನ ಸೆಟ್ ಕೆಲವು ವರ್ಷದಲ್ಲಿ ಸಡಿಲ ಆಗೋದು, ಮುದ್ದೆ ಬಿಟ್ಟು ಬೇರೇನು ಅಗಿದರೂ ತಾತ ‘ನೋಯುತ್ತೆ’ ಅನ್ನೋದು ಇದರಿಂದಲೂ ಇರಬಹುದು: ಸೆಟ್ ಆ ನರದ ಮೇಲೇ ಒತ್ತುತ್ತಾ ಇರುತ್ತೆ.